ಸೌದೆಗೆಂದು ಹೋದ ಮೆಲ್ಲಕ್ಕ

ಸೌದೆ ಮುಗಿದ ಮನೆಯಲ್ಲಿ ಮೊದಲು ತಣ್ಣಗಾಗುವುದು ಸ್ನಾನದ ನೀರು, ಬಿಸಿಯಾಗುವುದು ಅತ್ತೆ. ದರ್ಜಿಯ ಮನೆಯಲ್ಲಿ ಅಂದು ಎರಡೂ ಆಗಿತ್ತು.

"ಮಂಡಿಗೆ ಬಿಸಿನೀರು ಬಿದ್ದು ಮೂರು ದಿನ ಆಯ್ತು," ಎಂದರು ಅತ್ತೆ, ಕಾಲನ್ನು ಸಾಕ್ಷಿಯ ಹಾಗೆ ಮುಂದೆ ನೀಡಿ. "ಇನ್ನೆರಡು ದಿನ ಹೀಗೇ ಬಿಟ್ರೆ ಇದು ಮಡಚೋದನ್ನೇ ಮರೆತುಬಿಡುತ್ತೆ."

ದರ್ಜಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಅಂಗಡೀಲಿ ಒಣ ಸೌದೆ ಇಲ್ಲಮ್ಮ. ಇರೋದೆಲ್ಲ ಹಸಿ. ಹಿಂಡಿದ್ರೆ ನೀರು ಬರುತ್ತೆ."

ಕಿಟಕಿಯ ಪಕ್ಕ ಕುಳಿತು ಅಂಗಿಗೆ ಗುಂಡಿಮನೆ ಹೊಲಿಯುತ್ತಿದ್ದ ಅವನ ಹೆಂಡತಿ ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಅದೇನೂ ಹೊಸದಲ್ಲ. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೇ ಮೆಲ್ಲಕ್ಕ ಎಂದು. ಮದುವೆಯಾಗಿ ಇಪ್ಪತ್ತೆರಡು ವರ್ಷ ಕಳೆದರೂ ಅವಳ ಮಾತು ಆ ಯಂತ್ರದ ಸದ್ದಿಗಿಂತ ಮೇಲೆ ಎದ್ದಿರಲಿಲ್ಲ. ಕಾಲಿನ ಮೇಲೆ ಪಾತ್ರೆ ಬಿದ್ದರೂ "ಅಯ್ಯೋ" ಎನ್ನುವುದನ್ನು ಬಾಯೊಳಗೇ ಹೇಳಿಕೊಂಡು ನುಂಗುವ ಹೆಂಗಸು.

ಮೂರನೆಯ ಸಲ ಹೇಳಿದಾಗ ಗಂಡ ಯಂತ್ರ ನಿಲ್ಲಿಸಿದ. "ಏನೋ ಅಂದ್ಯಾ?"

"ಗ್ರಂಥಾಲಯದ ಹಿಂದೆ ಮರದ ಕೊಂಬೆ ಸವರ್ತಾ ಇದ್ದಾರೆ. ಕೆಳಗೆ ನಿಂತು ಕೈಜೋಡಿಸೋಕೆ ಜನ ಬೇಕಂತೆ. ಅನುಭವ ಇಲ್ಲದಿದ್ರೂ ಪರವಾಗಿಲ್ಲ, ಅವರೇ ಕಲಿಸ್ತಾರಂತೆ. ಕೂಲಿಗೆ ಬದಲು ಸೌದೆ."

"ಯಾರು ಹೋಗ್ತಾರೆ?"

"ನಾನು."

ದರ್ಜಿ ನಕ್ಕ. "ಕಡ್ಡಿ ಆಯೋದನ್ನ ಕಲಿಸೋದು ಬೇರೆ ಇದೆಯಾ? ಬಗ್ಗಬೇಕು, ಎತ್ತಬೇಕು. ಅಷ್ಟೇ ತಾನೆ?"

ಮೆಲ್ಲಕ್ಕ ಸೂಜಿಗೆ ದಾರ ಪೋಣಿಸಿಕೊಂಡಳು. ಸೌದೆ ಬೇಕಿದ್ದದ್ದು ನಿಜ. ಆದರೆ ನಾಲ್ಕು ದಿನದಿಂದ ಅವಳು ಆ ಕಿಟಕಿಯಿಂದ ನೋಡುತ್ತಿದ್ದದ್ದು ಸೌದೆಯನ್ನಲ್ಲ. ಹಗ್ಗ ಹಿಡಿದು ನಿಂತವರನ್ನು, ಕತ್ತೆತ್ತಿ ಮೇಲಿದ್ದವನೊಡನೆ ಮಾತಾಡುವವರನ್ನು, ದೊಡ್ಡ ಕೊಂಬೆಯೊಂದು ಹೇಳಿದ ಮಾತು ಕೇಳಿದ ಮಗುವಿನಂತೆ ಮೆಲ್ಲನೆ ಇಳಿದು ಬರುವುದನ್ನು. ಗುಂಡಿಮನೆ ಹೊಲಿದದ್ದು ಅಂಗಿಯ ಒಳಗೆ ಸೇರಿಹೋಗುತ್ತದೆ. ಯಾರು ಹೊಲಿದರೆಂದು ಯಾರೂ ಕೇಳುವುದಿಲ್ಲ. ಒಂದು ಕೆಲಸವನ್ನಾದರೂ ತೋರಿಸಿ "ಇದು ನನಗೆ ಬರುತ್ತೆ" ಎನ್ನಬೇಕು ಎಂಬ ಆಸೆ ನಲವತ್ತೈದನೆಯ ವಯಸ್ಸಿನಲ್ಲಿ ಅವಳಿಗೆ ಹಲ್ಲುನೋವಿನ ಹಾಗೆ ಹತ್ತಿಕೊಂಡಿತ್ತು.

ಮರುದಿನ ಮರದ ಕೆಲಸದ ಮೇಸ್ತ್ರಿಯಮ್ಮ ತಾನೇ ಮನೆಗೆ ಬಂದರು. ಐವತ್ತು ದಾಟಿದ, ಗಟ್ಟಿ ಕೈಗಳ ಹೆಂಗಸು. ಕಂಕುಳಲ್ಲಿ ಹಳದಿ ಹೆಲ್ಮೆಟ್ಟು, ಕೈಯಲ್ಲಿ ಒಂದು ಹಾಳೆ. ಚಹಾ ಕುಡಿದು ಲೋಟ ಕೆಳಗಿಟ್ಟು ಹೇಳಿದರು: "ಹತ್ತು ದಿನ, ದಿನಾ ಅರ್ಧ ದಿನದ ಕೆಲಸ. ಅರ್ಧ ದಿನಕ್ಕೆ ಒಂದು ಗಾಡಿ ಸೌದೆ. ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ, ಕೈಗವಸು, ಗಟ್ಟಿ ಬೂಟು ಎಲ್ಲ ನಾನೇ ಕೊಡ್ತೀನಿ. ಮೋಟಾರು ಗರಗಸ ಮುಟ್ಟೋ ಹಾಗಿಲ್ಲ. ಮರ ಹತ್ತೋ ಹಾಗಿಲ್ಲ. ಪೆಟ್ಟಾದರೆ ಚಿಕಿತ್ಸೆ ನನ್ನ ಜವಾಬ್ದಾರಿ. ಎಲ್ಲ ಇದರಲ್ಲಿ ಬರೆದಿದ್ದೀನಿ. ಹತ್ತು ದಿನದಲ್ಲಿ ಕೆಲಸ ಕೈಗೆ ಬಂದರೆ ಹನ್ನೊಂದನೇ ದಿನದಿಂದ ಕೂಲಿ ಕೊಟ್ಟು ತಂಡಕ್ಕೆ ಸೇರಿಸ್ಕೊಳ್ತೀನಿ."

ದರ್ಜಿ ಹಾಳೆಯನ್ನು ಅಂಗಿಯ ಅಳತೆ ನೋಡುವವನಂತೆ ಮೇಲಿಂದ ಕೆಳಗೆ ಓದಿದ. "ನಾಲ್ಕು ಕಟ್ಟು ಸೌದೆಗೆ ಇಷ್ಟೊಂದು ಪತ್ರವ್ಯವಹಾರ ಯಾಕ್ರೀ? ಹೆಲ್ಮೆಟ್ಟು ಬೇರೆ. ಇವಳೇನು ಯುದ್ಧಕ್ಕೆ ಹೋಗ್ತಾಳಾ?"

"ಸೌದೆಗೆ ದುಡಿಯೋರಿಗೆ ಅಂತ ಬೇರೆ ತಲೆ ಇರುತ್ತಾ ಅಣ್ಣ?" ಎಂದರು ಮೇಸ್ತ್ರಿಯಮ್ಮ. "ಕೊಂಬೆಗೆ ಯಾರು ಕೂಲಿ ತಗೊಂಡಿದ್ದಾರೆ, ಯಾರು ತಗೊಂಡಿಲ್ಲ ಅಂತ ಗೊತ್ತಾಗಲ್ಲ."

ಅತ್ತೆ ಅಷ್ಟರಲ್ಲಿ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು ನೋಡುತ್ತಿದ್ದರು. "ಬೆಚ್ಚಗಿದೆ," ಎಂದರು. ಹಿಂದಕ್ಕೆ ಪಡೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಕೆಲಸದ ನಿಯಮ ಸರಳವಾಗಿತ್ತು. ಮರದ ಸುತ್ತ, ಕೊಂಬೆ ಬೀಳುವ ಜಾಗಕ್ಕಿಂತ ಎಷ್ಟೋ ದೂರದಲ್ಲಿ, ಹಗ್ಗ ಕಟ್ಟಿರುತ್ತಾರೆ. ಒಬ್ಬರು ಹಗ್ಗದ ಹೊರಗೆ ನಿಂತು ಕಾವಲು ಕಾಯಬೇಕು. ಮರದ ಮೇಲಿರುವವನು "ಕೆಳಗೆ?" ಎಂದು ಕೇಳುತ್ತಾನೆ. ಕಾವಲಿನವರು ಸುತ್ತ ನೋಡಿ, ಯಾರೂ ಇಲ್ಲದಿದ್ದರೆ "ಖಾಲಿ" ಎನ್ನಬೇಕು. ಆಮೇಲೇ ಗರಗಸ ಆಡುವುದು. ನಡುವೆ ಯಾರಾದರೂ ನುಗ್ಗಿದರೆ "ನಿಲ್ಲಿಸು" ಎನ್ನಬೇಕು. ಹೇಳುವವರು ನಿನ್ನೆ ಬಂದವರಾದರೂ ಸರಿ, ಮೇಸ್ತ್ರಿಯೇ ಎದುರಿಗಿದ್ದರೂ ಸರಿ, ಆ ಮಾತಿಗೆ ಕೆಲಸ ನಿಲ್ಲಲೇಬೇಕು.

ಮರ ಹತ್ತುವವನ ಹೆಸರು ಅಳಿಲು. ಆಸಾಮಿ ನೂರು ಕಿಲೋ ತೂಗುತ್ತಿದ್ದ. ಮೊದಲ ದಿನ ಸೊಂಟಕ್ಕೆ ಹಗ್ಗ ಬಿಗಿದು ಮೇಲೆ ಕುಳಿತು, ಕೈಗರಗಸ ಹಿಡಿದು ಕೇಳಿದ: "ಕೆಳಗೆ?"

ಮೆಲ್ಲಕ್ಕ ಸುತ್ತಲೂ ನೋಡಿ "ಖಾಲಿ" ಎಂದಳು.

"ಕೆಳಗೆ?"

"ಖಾಲಿ."

ಅಳಿಲು ಕಾದ. ಆಮೇಲೆ ಎಲೆಗಳ ನಡುವಿನಿಂದ ಧ್ವನಿ ಬಂತು: "ಯಾರಾದ್ರೂ ಇದ್ದೀರಾ, ಇಲ್ಲಾ ಎಲ್ಲ ಊಟಕ್ಕೆ ಹೋದ್ರಾ?"

ಅವಳ ಕಷ್ಟಕ್ಕೆ ಗ್ರಂಥಾಲಯದ ಗೋಡೆಯೂ ಸೇರಿಕೊಂಡಿತ್ತು. ಅಂಗಳದ ಕಡೆಯ ಪ್ರತಿ ಕಿಟಕಿಯ ಮೇಲೂ ದೊಡ್ಡ ಅಕ್ಷರದಲ್ಲಿ "ಸದ್ದು ಮಾಡಬಾರದು" ಎಂದು ಬರೆದಿತ್ತು. ಬಾಯಿ ತೆರೆದಾಗಲೆಲ್ಲ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ಒಂದು ಸೀಟಿ ಕೊಟ್ಟುಬಿಡಿ," ಎಂದು ಬೇಡಿದಳು.

"ಸೀಟೀನ ಮನೇಲಿ ಮರೆತು ಬರಬಹುದು ಅಕ್ಕ. ಗಂಟಲನ್ನ ಮರೆಯೋಕಾಗಲ್ಲ," ಎಂದರು ಮೇಸ್ತ್ರಿಯಮ್ಮ. "ಕಟ್ಟು ಕಟ್ಟೋದರಲ್ಲಿ ನಿಮ್ಮ ಕೈ ಚೆನ್ನಾಗಿದೆ. ಹಗ್ಗ ಸುತ್ತೋದೂ ಒಂದೇ ದಿನಕ್ಕೆ ಬಂತು. ಆದರೆ ಧ್ವನಿ ಮೇಲಕ್ಕೆ ಹೋಗದಿದ್ರೆ ನಾನು ತಂಡಕ್ಕೆ ಸೇರಿಸ್ಕೊಳ್ಳೋಕಾಗಲ್ಲ. ಸೌದೆ ಕೊಟ್ಟು ನಮಸ್ಕಾರ ಹೇಳಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಅಂದಿನ ಸೌದೆ ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ತಯಾರಾಗಿ ಕುಳಿತಿದ್ದರು. ಹಸಿ ತುಂಡುಗಳನ್ನು ಬೇರೆ, ಮರದಲ್ಲೇ ಒಣಗಿದ್ದ ಕೊಂಬೆಯ ತುಂಡುಗಳನ್ನು ಬೇರೆ ಕಟ್ಟಿ ಕಳಿಸಿದ್ದರು ಮೇಸ್ತ್ರಿಯಮ್ಮ. ಅತ್ತೆ ದಪ್ಪಗಿದ್ದದ್ದೇ ಒಳ್ಳೆಯದೆಂದು ಹಸಿಯದನ್ನೇ ಒಲೆಗೆ ತುರುಕಿದರು. ಬೆಂಕಿ ಬರಲಿಲ್ಲ. ಬಂದದ್ದು ಹೊಗೆ. ದರ್ಜಿ ಕೆಮ್ಮುತ್ತ ಹೊಲಿಗೆ ಯಂತ್ರವನ್ನು ಬೀದಿಗೆ ಎಳೆದ. ಎದುರು ಮನೆಯವನು ಬಕೆಟ್ಟು ನೀರು ಹಿಡಿದು ಓಡಿಬಂದ.

"ಹಸಿ ಸೌದೆ ಉರಿಸಬಾರದಂತೆ ಅತ್ತೆ," ಎಂದಳು ಮೆಲ್ಲಕ್ಕ, ಕಣ್ಣೊರೆಸಿಕೊಳ್ಳುತ್ತ. "ಆ ಹೊಗೆ ಎದೆಗೂ ಕಣ್ಣಿಗೂ ಕೆಟ್ಟದ್ದು. ಸೀಳಿ, ನೆಲಕ್ಕೆ ತಾಗದ ಹಾಗೆ ಪೇರಿಸಿ, ಮೇಲೆ ಮಾತ್ರ ಮುಚ್ಚಬೇಕಂತೆ. ಪಕ್ಕದಿಂದ ಗಾಳಿ ಆಡಬೇಕು. ಕಡಿಮೆ ಅಂದ್ರೂ ಆರು ತಿಂಗಳು, ದಪ್ಪಗಿದ್ರೆ ಒಂದು ವರ್ಷ."

"ವರ್ಷ ಕಾಯೋಕೆ ನನ್ನ ಮಂಡಿ ಒಪ್ಪಬೇಕಲ್ಲ."

"ಅದಕ್ಕೇ ಒಣ ತುಂಡು ಬೇರೆ ಕಟ್ಟಿ ಕೊಟ್ಟಿದ್ದಾರೆ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಟಣ್ ಅಂದ್ರೆ ಒಣಗಿದೆ. ದಬ್ ಅಂದ್ರೆ ಇನ್ನೂ ಹಸಿ."

ಅತ್ತೆ ಬಡಿದು ನೋಡಿದರು. ಟಣ್ ಎಂದಿತು. ಅಂದಿನಿಂದ ಅವರು ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ನೋಡತೊಡಗಿದರು.

ಮೆಲ್ಲಕ್ಕ ಹಿತ್ತಲಲ್ಲಿ ಕೂಗುವ ಅಭ್ಯಾಸ ಶುರುಮಾಡಿದಳು. "ಖಾಲಿ" ಎನ್ನುವುದು ಎರಡು ದಿನದಲ್ಲಿ ಒಂದಿಷ್ಟು ಎತ್ತರಕ್ಕೆ ಹೋಯಿತು. "ನಿಲ್ಲಿಸು" ಎನ್ನುವುದೇ ಕಷ್ಟ. ಅದು ಬಾಯಿಗೆ ಬರುವಾಗ "ಸ್ವಲ್ಪ ನಿಲ್ಲಿಸ್ತೀರಾ" ಆಗಿರುತ್ತಿತ್ತು. ಯಾರನ್ನಾದರೂ ತಡೆದು ಅವಳಿಗೆ ಗೊತ್ತೇ ಇರಲಿಲ್ಲ. ಸಾಕೆಂದರೂ ತಟ್ಟೆಗೆ ಬಡಿಸುವವರನ್ನು ಕೂಡ ಅವಳು ತಡೆದವಳಲ್ಲ.

ಐದನೆಯ ದಿನ ಕಣ್ಣು ಮುಚ್ಚಿ, ಉಸಿರು ಎಳೆದು, ಬೇಲಿಯ ಕಡೆಗೆ ಒಮ್ಮೆ "ನಿಲ್ಲಿಸು" ಎಂದು ಕೂಗಿಯೇಬಿಟ್ಟಳು. ಪಕ್ಕದ ಮನೆಯಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ಬೀದಿಯಲ್ಲಿ ಒಂದು ಸೈಕಲ್ಲು ನಿಂತಿತು. ಒಳಗೆ ಅತ್ತೆ ಹೇಳುತ್ತಿದ್ದ ಮಾತೊಂದು ಅರ್ಧಕ್ಕೆ ನಿಂತಿತು.

ಅತ್ತೆ ಬಾಗಿಲಿಗೆ ಬಂದರು. "ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ ಅತ್ತೆ. ಬೇಲಿಗೆ."

"ಬೇಲಿ ಎಲ್ಲಿಗೆ ಹೊರಟಿತ್ತು?" ಎಂದರು ಅತ್ತೆ. ಒಳಗೆ ಹೋಗುವ ಮೊದಲು ತಿರುಗಿ ನಿಂತು, "ಕೊನೇಲಿ ಎಳೀತೀಯ ನೋಡು, ಅಲ್ಲಿ ದಮ್ಮು ಹೋಗುತ್ತೆ. ಹೊಟ್ಟೆಯಿಂದ ಕೂಗು," ಎಂದು ಸೇರಿಸಿದರು. ಆ ವಿದ್ಯೆಯಲ್ಲಿ ಅವರು ಪಳಗಿದವರು.

ಆದರೆ ಬೇಲಿಗೆ ಹೇಳುವುದು ಬೇರೆ, ಮನುಷ್ಯರಿಗೆ ಹೇಳುವುದು ಬೇರೆ ಎಂದು ಮೆಲ್ಲಕ್ಕನಿಗೂ ಗೊತ್ತಿತ್ತು, ಮೇಸ್ತ್ರಿಯಮ್ಮನಿಗೂ ಗೊತ್ತಿತ್ತು. ಆರನೆಯ, ಏಳನೆಯ, ಎಂಟನೆಯ ದಿನಗಳು ಕಳೆದವು. ಯಾರೂ ಹಗ್ಗ ದಾಟಲಿಲ್ಲ. ಮೇಸ್ತ್ರಿಯಮ್ಮ ಆಯಾ ದಿನದ ಸೌದೆ ಕಟ್ಟಿಸಿ ಕಳಿಸುತ್ತಿದ್ದರು, ಅಷ್ಟೇ. ಇದೂ ಗುಂಡಿಮನೆಯ ಹಾಗೆ ಯಾರ ಕಣ್ಣಿಗೂ ಬೀಳದೆ ಹೋಗುತ್ತದೇನೋ ಎಂದು ಮೆಲ್ಲಕ್ಕನಿಗೆ ಅನಿಸತೊಡಗಿತು.

ಒಂಬತ್ತನೆಯ ದಿನ ಸೌದೆ ಒಯ್ಯಲು ದರ್ಜಿ ತಳ್ಳುಗಾಡಿಯೊಂದಿಗೆ ತಾನೇ ಬಂದ, ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲು. ದರ್ಜಿಯದೊಂದು ಗುಣವಿತ್ತು: ಕೆಳಗೆ ಬಿದ್ದದ್ದನ್ನು ಬಿಡುವವನಲ್ಲ. ಅಂಗಡಿಯಲ್ಲಿ ಸೂಜಿ, ಗುಂಡುಪಿನ್ನು, ಚೂರು ಬಟ್ಟೆ ಏನು ಬಿದ್ದರೂ ಕತ್ತರಿ ಆಡುತ್ತಿರುವಾಗಲೇ ಬಗ್ಗಿ ಎತ್ತುವವನು.

ಮೇಲೆ ಅಳಿಲು "ಕೆಳಗೆ?" ಎಂದಿದ್ದ. ಮೆಲ್ಲಕ್ಕ "ಖಾಲಿ" ಎಂದಿದ್ದಳು. ಒಣಕೊಂಬೆಯೊಂದರಲ್ಲಿ ಗರಗಸ ಅರ್ಧದಷ್ಟು ಇಳಿದಿತ್ತು. ಆಗ ದರ್ಜಿಗೆ ಹಗ್ಗದೊಳಗೆ, ಮರದ ಬುಡದಲ್ಲಿ, ನೆಟ್ಟಗಿನ ಒಂದು ತುಂಡು ಕಂಡಿತು. ಇಸ್ತ್ರಿ ಮೇಜಿನ ಮುರಿದ ಕಾಲಿಗೆ ಹೇಳಿ ಮಾಡಿಸಿದಂತಿತ್ತು. ಗಾಡಿ ಬಿಟ್ಟ, ಹಗ್ಗದಡಿ ನುಸುಳಿದ, ಬಗ್ಗಿದ.

ಮೆಲ್ಲಕ್ಕನ ಬಾಯಲ್ಲಿ ಮೊದಲು ಬಂದದ್ದು "ರೀ". ಅದು ಎಂದಿನಂತೆ ಹಲ್ಲಿನ ಒಳಗೇ ಉಳಿಯಿತು. ಗಂಡ ಇನ್ನೊಂದು ತುಂಡನ್ನೂ ಕಂಕುಳಿಗೆ ಇಟ್ಟುಕೊಳ್ಳುತ್ತಿದ್ದ. ಅವನ ಬೋಳಾದ ನೆತ್ತಿ ಬಿಸಿಲಿಗೆ ಹೊಳೆಯುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಕಂಡ ನೆತ್ತಿ. ಅದು ಎಷ್ಟು ತೆಳುವಾದದ್ದೆಂದು ಅವಳಿಗೆ ಆಗಷ್ಟೇ ಕಂಡಿತು.

"ನಿಲ್ಲಿಸು!"

ಗರಗಸ ನಿಂತಿತು. ಆದರೆ ಅರ್ಧ ಕೊಯ್ದ ಕೊಂಬೆ ತನ್ನ ಭಾರಕ್ಕೇ ಚಟ್ ಎಂದಿತು.

"ಹಿಂದಕ್ಕೆ! ಸೌದೆ ಬಿಟ್ಟು ಹಿಂದಕ್ಕೆ ಬನ್ನಿ! ಗಾಡಿ ಕಡೆಗೆ!"

ದರ್ಜಿ ಹೆದರಿದ್ದು ಕೊಂಬೆಗಲ್ಲ. ಕೊಂಬೆಯನ್ನು ಅವನು ನೋಡಿಯೇ ಇರಲಿಲ್ಲ. ಆ ಧ್ವನಿಗೆ ಹೆದರಿ, ಕಂಕುಳಲ್ಲಿದ್ದದ್ದನ್ನೆಲ್ಲ ಚೆಲ್ಲಿ, ಓಡಿಬಂದು, ಹಗ್ಗಕ್ಕೆ ಕಾಲು ತೊಡರಿಕೊಂಡು ಗಾಡಿಯೊಳಗೇ ಹೋಗಿ ಕುಳಿತ. ಅವನು ಬಗ್ಗಿದ್ದ ಜಾಗಕ್ಕೆ ಕೊಂಬೆ ಬಂದು ಬಿತ್ತು. ನೆಲ ನಡುಗಿತು. ಇಸ್ತ್ರಿ ಮೇಜಿನ ಕಾಲಾಗಬೇಕಿದ್ದ ತುಂಡು ನಾಲ್ಕು ಚೂರಾಯಿತು.

ಗ್ರಂಥಾಲಯದ ಕಿಟಕಿಗಳೆಲ್ಲ ತೆರೆದವು. ಗ್ರಂಥಪಾಲಕರು ಬೆರಳನ್ನು ತುಟಿಯ ಮೇಲಿಟ್ಟುಕೊಂಡೇ ಹೊರಬಂದವರು, ಕೊಂಬೆಯನ್ನು ನೋಡಿ ಬೆರಳು ಇಳಿಸಿದರು.

ಮೆಲ್ಲಕ್ಕ ಹೆಲ್ಮೆಟ್ಟು ಸರಿಮಾಡಿಕೊಂಡಳು. ಮೇಲಕ್ಕೆ ನೋಡಿ ಹೇಳಿದಳು: "ತಪ್ಪಾಯ್ತಣ್ಣ. ಅರ್ಧದಲ್ಲಿ ಕೆಲಸ ನಿಲ್ಲಿಸಿಬಿಟ್ಟೆ."

"ನಿಲ್ಲಿಸದೆ ಇದ್ದಿದ್ರೆ ನಾನು ಈ ಮರದಿಂದ ಯಾವ ಮುಖ ಹೊತ್ತು ಇಳೀತಿದ್ದೆ ಅಕ್ಕ?" ಎಂದ ಅಳಿಲು. ಗರಗಸವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಈಗ ಇಳೀಬಹುದಾ? ಕೆಳಗೆ ಖಾಲಿನಾ?" ಎಂದ.

ಮೇಸ್ತ್ರಿಯಮ್ಮ ಅಂದಿನ ಕೆಲಸ ನಿಲ್ಲಿಸಿ ಎಲ್ಲರನ್ನೂ ಕೂರಿಸಿದರು. ಯಾರನ್ನೂ ಬೈಯಲಿಲ್ಲ, ಯಾಕಾಯಿತು ಎಂದಷ್ಟೇ ಕೇಳಿದರು. ದರ್ಜಿ ಗಾಡಿಯಲ್ಲೇ ಕುಳಿತು ಸಮರ್ಥಿಸಿಕೊಂಡ: "ಹಗ್ಗ ಮಣ್ಣಿನ ಬಣ್ಣದ್ದು. ಯಾರಿಗೆ ಕಾಣುತ್ತೆ?"

"ಕಂಡಿತ್ತು. ಕಂಡಿದ್ದಕ್ಕೇ ಅಲ್ವಾ ಕೆಳಗೆ ನುಸುಳಿದ್ದು?" ಎಂದಳು ಮೆಲ್ಲಕ್ಕ.

ಎಲ್ಲರಿಗೂ ಕೇಳಿಸಿತು. ಅವಳು ಕೂಗಿರಲಿಲ್ಲ.

ದರ್ಜಿ ನೆತ್ತಿ ಸವರಿಕೊಂಡ. "ಕಂಡಿತ್ತು," ಎಂದು ಒಪ್ಪಿದ. "ಹಗ್ಗ ತಾನೆ, ಏನಾಗುತ್ತೆ ಅಂದ್ಕೊಂಡೆ."

"ಆದರೂ ಅಣ್ಣ ಹೇಳಿದ್ದರಲ್ಲಿ ಅರ್ಧ ನಿಜ ಇದೆ," ಎಂದರು ಮೇಸ್ತ್ರಿಯಮ್ಮ. "ಮಣ್ಣಿನ ಬಣ್ಣದ ಹಗ್ಗ ಕಟ್ಟಿದ್ದು ನನ್ನ ತಪ್ಪು."

ಆ ಸಂಜೆ ದರ್ಜಿ ಚೂರು ಬಟ್ಟೆಯ ಚೀಲ ಬಿಚ್ಚಿ ಕೆಂಪು ಬಟ್ಟೆಯನ್ನೆಲ್ಲ ಆರಿಸಿ, ಹಗ್ಗಕ್ಕೆ ಕಟ್ಟಲು ಅಂಗೈಯಗಲದ ಎಪ್ಪತ್ತು ಬಾವುಟ ಹೊಲಿದ. ಅತ್ತೆ ಬಿಸಿನೀರಲ್ಲಿ ಕಾಲಿಟ್ಟುಕೊಂಡು, ಬಂದವರಿಗೆಲ್ಲ ಕಥೆ ಹೇಳಿದರು. ಅವರ ಕಥೆಯಲ್ಲಿ ಕೊಂಬೆ ಪ್ರತಿ ಸಲವೂ ಒಂದು ಮೊಳ ಉದ್ದವಾಗುತ್ತಿತ್ತು. "ಕೂಗೋದನ್ನ ಹೇಳಿಕೊಟ್ಟಿದ್ದು ನಾನೇ," ಎಂಬುದು ಮಾತ್ರ ಬದಲಾಗುತ್ತಿರಲಿಲ್ಲ.

"ಒಂದು ಮಾತು ಕೇಳ್ತೀನಿ," ಎಂದ ದರ್ಜಿ ಹೆಂಡತಿಗೆ, ದಾರ ಕಚ್ಚಿ ತುಂಡರಿಸುತ್ತ. "ಇಷ್ಟು ದೊಡ್ಡ ಧ್ವನಿ ಇಷ್ಟು ವರ್ಷ ಎಲ್ಲಿ ಇಟ್ಟಿದ್ದೆ?"

 ಮೆಲ್ಲಕ್ಕ ಬೂಟಿನ ಮಣ್ಣು ಕೆರೆಯುತ್ತಿದ್ದಳು. ಇನ್ನೊಂದು ದಿನ ಬಾಕಿಯಿತ್ತು, ಆದರೆ ಮೇಸ್ತ್ರಿಯಮ್ಮ ಸಂಜೆ ಹೊರಡುವಾಗ ಹೇಳಿಬಿಟ್ಟಿದ್ದರು: "ನಾಳಿದ್ದಿನಿಂದ ಹೊತ್ತಿಗೆ ಸರಿಯಾಗಿ ಬನ್ನಿ. ಕೂಲಿ ಕೆಲಸ ಅದು."

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಯಾರೋ ಮರ ಸವರುತ್ತಿರಬಹುದು. ಸೌದೆ ಸಿಗುತ್ತದೆ, ಕೆಲಸವೂ ಕಲಿತ ಹಾಗಾಗುತ್ತದೆ ಎಂದು ನೀವೂ ಹೊರಡಬಹುದು. ಹೋಗಿ, ಅದು ಒಳ್ಳೆಯ ಕೆಲಸ. ಆದರೆ ಹೋಗುವ ಮೊದಲು ಎಷ್ಟು ಸೌದೆ, ಏನು ಕಲಿಸುತ್ತಾರೆ, ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಬಾಯಿಬಿಟ್ಟು ಕೇಳಿ, ಹಾಳೆಯ ಮೇಲೆ ಬರೆಸಿಕೊಳ್ಳಿ. ಹೆಲ್ಮೆಟ್ಟು ಕೊಡದ ಕಡೆ ಮರದ ಹತ್ತಿರ ಸುಳಿಯಬೇಡಿ. ಹೇಳಿಕೊಡದ ಯಂತ್ರವನ್ನು ಮುಟ್ಟಬೇಡಿ. ತಂದ ಹಸಿ ಸೌದೆಗೆ ಒಣಗಲು ಸಮಯ ಕೊಡಿ. ಕಟ್ಟಿದ ಹಗ್ಗವನ್ನು ಒಂದು ತುಂಡು ಸೌದೆಗಾಗಿ ದಾಟಬೇಡಿ.

ಹಗ್ಗದೊಳಗೆ ಯಾರಾದರೂ ಕಂಡರೆ, ಅವರು ಗಂಡನೋ, ಮಾವನೋ, ಮೇಸ್ತ್ರಿಯೋ ಎಂದು ಯೋಚಿಸುತ್ತ ನಿಲ್ಲಬೇಡಿ. ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿರುತ್ತದೆ. ಮೊದಲು ಕೂಗಿ.