ವೀಟೊನ ಎಂಜಿನ್

ಸರಪಳಿ ರಾಟೆಗೆ ನೇತುಬಿದ್ದ ಎಂಜಿನ್ನು ಟ್ರೇಲರಿನಿಂದ ಮೇಲೆದ್ದು ಮೆಲ್ಲಗೆ ಒಂದು ಸುತ್ತು ತಿರುಗಿತು. ಟ್ರೆವರ್ ಪ್ಯಾಸ್ಕೋ ಅದರ ಮೈಮೇಲೆ ಅಂಗೈಯಿಟ್ಟು ನಿಲ್ಲಿಸಿದ. ಎಂಟು ಸಿಲಿಂಡರಿನದು. ಎಲ್ಲೂ ಒಂದು ಚುಕ್ಕೆ ತುಕ್ಕಿಲ್ಲ. ಎದುರು ಮನೆಯ ಮೆನಾ ಕಪ್ಪು ಸ್ವೆಟರಿನ ತೋಳುಗಳೊಳಗೆ ಕೈ ಸೇರಿಸಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು.

"ನಮ್ಮನೆಯೋರು ಕೊರ್ರಾದೊ ಬದುಕಿರೋ ತನಕ ಆಗಾಗ ಇದಕ್ಕೆ ಎಣ್ಣೆ ಬಿಟ್ಟು ಕೈಯಲ್ಲೇ ತಿರುಗಿಸ್ತಿದ್ರು ಕಣಪ್ಪ," ಎಂದಳು. "ಯಾಕೆ ಅಂತ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಈಗ ನಾನು ಅಡಿಲೇಡಿಗೆ, ಮಗಳ ಮನೆಗೆ ಹೊರಟೋಳು. ಇದನ್ನ ಗುಜರಿಯೋನ ಕೈಗೆ ಕೊಡೋಕೆ ನನ್ನಿಂದಾಗಲ್ಲ."

"ಗುಜರಿಗೆ ಯಾಕೆ ಕೊಡ್ತೀರಿ, ಚಿನ್ನದಂಥ ಎಂಜಿನ್ನು."

"ನಿನ್ನ ಕಾರಿಗೆ ಹಾಕ್ಕೋ. ನಾನು ಹೋಗೋದ್ರೊಳಗೆ ಒಂದ್ಸಲ ನಮ್ಮನೆ ಮುಂದೆ ಓಡಿಸು, ಸಾಕು. ನನ್ನ ಮಗ ವೀಟೊ ಬೀದಿ ತಿರುವಿಗೆ ಬಂದಾಗ್ಲೇ ಸದ್ದಲ್ಲಿ ಗೊತ್ತಾಗೋದು ನಂಗೆ. ಪಾಸ್ತಾನ ನೀರಿಗೆ ಬಿಡ್ತಿದ್ದೆ. ಕೈ ತೊಳ್ಕೊಂಡು ಬಂದು ಕೂರೋ ಹೊತ್ತಿಗೆ ಬೆಂದಿರೋದು."

ಟ್ರೆವರ್ ಹೂಂ ಎಂದ. ಆ ಹೂಂ ಬಾಯಿಂದ ಬಂದಮೇಲೆ ಮಗ ಬ್ರೆಟ್‌ನ ನೆನಪಾಯಿತು.

ಇಪ್ಪತ್ತೆರಡರ ವಯಸ್ಸಿನಲ್ಲಿ ಟ್ರೆವರ್ ತನ್ನ ಚಾರ್ಜರ್ ಕಾರು ಕೊಂಡಾಗ ಕನಸಿನಲ್ಲಿದ್ದುದು ಎಂಟು ಸಿಲಿಂಡರು, ಕೈಗೆ ಸಿಕ್ಕಿದ್ದು ಆರು. ಆಮೇಲೆ ಮದುವೆ, ಸೀಸ ಕರಗಿಸುವ ಕಾರ್ಖಾನೆಯ ಪಾಳಿ, ಮಗು. ಕಾರು ಶೆಡ್ಡಿನಲ್ಲಿ ಟಾರ್ಪಾಲಿನಡಿ ಮಲಗಿತು. ನಿವೃತ್ತನಾದ ಮೇಲೆ ಅಪ್ಪ ಮಗ ಸೇರಿ ಅದನ್ನು ಎಬ್ಬಿಸಲು ಕುಳಿತರು. ಹಳೆಯ ಎಂಜಿನ್ ಬಿಚ್ಚಿದಾಗ ಒಂದು ಸಿಲಿಂಡರಿನ ಒಳಗೋಡೆ ಸೀಳಿತ್ತು. ಒಳಗೆ ಹೊಸ ಕೊಳವೆ ಕೂರಿಸಿ ಸರಿಮಾಡಬಹುದು, ಎಷ್ಟು ದಿನ ಬಾಳುತ್ತದೋ ಹೇಳಲಾರೆ ಎಂದಿದ್ದ ಮಷಿನ್ ಶಾಪಿನವನು. ಅಂದಿನಿಂದ ಪ್ರತಿ ಶನಿವಾರವೂ ಅಪ್ಪ ಮಗನ ನಡುವೆ ಅದೇ ಮಾತು, ಆರೋ ಎಂಟೋ ಎಂದು. "ಎಂಟೇ ಹಾಕೋಣ, ನಿನ್ನ ಬೆನ್ನು ತಡ್ಕೊಳ್ಳುತ್ತಾ ಮುದುಕಪ್ಪ?" ಎಂದು ಬ್ರೆಟ್ ನಗುತ್ತಿದ್ದ. ಅವನು ನಗುವುದೇ ಅಪರೂಪವಾಗಿದ್ದ ವರ್ಷಗಳವು.

ಒಂಬತ್ತು ವರ್ಷದ ಹಿಂದೆ ವೀಟೊ ಈ ಎಂಜಿನ್ನಿದ್ದ ಕಾರನ್ನು ಕಾಂಕ್ರೀಟ್ ಕಂಬಕ್ಕೆ ಗುದ್ದಿ ಸತ್ತಾಗ ಪಕ್ಕದ ಸೀಟಿನಲ್ಲಿದ್ದವನು ಬ್ರೆಟ್. ಸೊಂಟದ ಮೂಳೆ ಕೂಡಿತು, ನಡಿಗೆಯಲ್ಲೊಂದು ಎಳೆತ ಉಳಿಯಿತು. ಆ ದಿನದ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬ್ರೆಟ್ ಎದುರು ಮನೆಯ ಹೊಸ್ತಿಲು ತುಳಿದಿರಲೂ ಇಲ್ಲ.

"ಬ್ರೆಟ್‌ನ ಕೇಳಿದ್ಯಾ?" ಎಂದಳು ಹೆಂಡತಿ ಗ್ಲೆನಿಸ್, ಶೆಡ್ಡಿನೊಳಗೆ ಇಣುಕಿ.

"ಅವನೇ ಎಂಟು ಎಂಟು ಅಂತಿದ್ನಲ್ಲ."

"ಯಾವುದೋ ಎಂಟು ಅಂತಿದ್ದ. ಈ ಎಂಟಲ್ಲ."

"ಕಬ್ಬಿಣ ಅದು, ಗ್ಲೆನ್. ಕಬ್ಬಿಣಕ್ಕೇನು ಗೊತ್ತು?"

ಅವಳು ಒಳಗೆ ಹೋದಳು.

ಶನಿವಾರ ಬ್ರೆಟ್ ಬೇಕರಿಯ ಪೈ ಪೊಟ್ಟಣ ಹಿಡಿದು ಬಂದ. ಸ್ಟ್ಯಾಂಡಿನ ಮೇಲಿದ್ದುದನ್ನು ನೋಡಿದ. ಯಾರದ್ದೆಂದು ಕೇಳಲಿಲ್ಲ, ನೋಡುತ್ತಲೇ ಗುರುತಾಗಿತ್ತು. ಪೊಟ್ಟಣವನ್ನು ಬೆಂಚಿನ ಮೇಲಿಟ್ಟು, "ಕೆಲಸ ಇದೆಯಪ್ಪ, ಇವತ್ತಾಗಲ್ಲ," ಎಂದು ಹೊರಟುಹೋದ. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಟ್ರೆವರ್ ಒಬ್ಬನೇ ಎಂಜಿನ್ನಿನ ಮುಂದೆ ಕೂತ. ಮೇಲಿನ ಮುಚ್ಚಳ ಬಿಚ್ಚಿ ನೋಡಿದ, ಒಳಗೆಲ್ಲ ಕನ್ನಡಿಯಂತಿತ್ತು. ಕೊರ್ರಾದೊ ಬಿಟ್ಟ ಎಣ್ಣೆ ಇನ್ನೂ ಆರಿರಲಿಲ್ಲ. ಬೇಕು ಎಂಬುದು ಅವನ ಹೊಟ್ಟೆಯೊಳಗೆ ಹಸಿವಿನಂತೆ ಕೂತಿತ್ತು. ಅದು ಕೂತಿದೆ ಎಂಬುದಕ್ಕೇ ಅವನಿಗೆ ನಾಚಿಕೆಯಾಗುತ್ತಿತ್ತು.

ಸಂಜೆ ಬ್ರೆಟ್ ದೋಣಿಕಟ್ಟೆಯ ತುದಿಯಲ್ಲಿ ಏಡಿ ಬಲೆ ಇಳಿಬಿಟ್ಟು ಕೂತಿದ್ದ. ಟ್ರೆವರ್ ಪಕ್ಕದಲ್ಲಿ ಕೂತ.

"ಸಿಕ್ತಾ?"

"ಸಣ್ಣವು. ವಾಪಸ್ ಬಿಟ್ಟೆ."

"ಆರನ್ನೇ ಕಟ್ಟೋಣ ಅಂತೀಯಾ?"

"ನಾನೇನೂ ಅನ್ನಲ್ಲ. ಕಾರು ನಿಂದು."

"ಮೆನಾಗೆ ಮಾತು ಕೊಟ್ಬಿಟ್ಟೆ ಕಣೋ. ಹೋಗೋ ಮುಂಚೆ ಆ ಸದ್ದೊಂದು ಕೇಳ್ಬೇಕಂತೆ."

ಬ್ರೆಟ್ ಬಲೆಯ ಹಗ್ಗವನ್ನು ಮೇಲೆಳೆದ, ಮತ್ತೆ ಬಿಟ್ಟ.

"ಗುದ್ದಿದ ಮೇಲೂ ಆ ಎಂಜಿನ್ ಓಡ್ತಾನೇ ಇತ್ತಪ್ಪ," ಎಂದ. "ಕೀ ವೀಟೊ ಕಡೆ. ಅವನ ಮೇಲೆ ಬಗ್ಗಿ ಕೈ ಚಾಚ್ದೆ, ಎಟುಕ್ಲಿಲ್ಲ. ನನ್ನ ಸೊಂಟ ಸಿಕ್ಕಾಕ್ಕೊಂಡಿತ್ತು. ಅಗ್ನಿಶಾಮಕದೋರು ಬಂದು ನಿಲ್ಲಿಸೋ ತನಕ ಓಡ್ತು. ಚೆನ್ನಾಗೇ ಓಡ್ತು. ಒಂದು ಬಡಿತಾನೂ ತಪ್ಪಲಿಲ್ಲ."

ಆ ಗಳಿಗೆಯಲ್ಲೂ ಟ್ರೆವರ್‌ನ ಮನಸ್ಸಿನ ಯಾವುದೋ ಮೂಲೆ, ಅಷ್ಟು ದೊಡ್ಡ ಪೆಟ್ಟು ತಿಂದೂ ನಿಲ್ಲದ ಎಂಜಿನ್ನೇ ಎಂದು ಮೆಚ್ಚಿಕೊಂಡಿತು. ಮೆಚ್ಚಿದ್ದು ಮುಖದಲ್ಲಿ ಕಂಡೀತೆಂದು ಅವನು ನೀರಿನ ಕಡೆ ತಿರುಗಿದ.

"ಆರನ್ನೇ ಕಟ್ಟೋಣ," ಎಂದ ಕೊನೆಗೆ. "ಹೊಸ ಕೊಳವೆ ಹಾಕಿಸೋಣ. ಬಾಳಿದಷ್ಟು ದಿನ ಬಾಳ್ಲಿ. ಮೆನಾಗೆ ನಾನೇ ಹೇಳ್ತೀನಿ, ವೀಟೊ ಎಂಜಿನ್ನಿನ ಬ್ಲಾಕು ಒಡೆದಿದೆ, ಓಡಲ್ಲ ಅಂತ."

"ಸುಳ್ಳು ಹೇಳ್ತೀಯಾ?"

"ಮತ್ತೇನು ಹೇಳ್ಲಿ?"

ಭಾನುವಾರ ಟ್ರೆವರ್ ಬೀದಿ ದಾಟುವಾಗ ಹಿಂದಿನಿಂದ ಆ ಎಳೆತದ ಹೆಜ್ಜೆ ಕೇಳಿಸಿತು. ಟ್ರೆವರ್ ತಿರುಗಿ ನೋಡಲಿಲ್ಲ, ನಡಿಗೆ ನಿಧಾನ ಮಾಡಿದ.

ಮೆನಾಳ ಅಡುಗೆಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಬ್ರೆಟ್‌ನನ್ನು ಕಂಡು ಮೆನಾ ಕೈಯಲ್ಲಿದ್ದ ತಟ್ಟೆಯನ್ನು ಕಾಗದದಲ್ಲಿ ಸುತ್ತುವುದನ್ನು ಮರೆತಳು. ಟ್ರೆವರ್ ನಿಂತಲ್ಲೇ ಶುರು ಮಾಡಿದ. "ಎಂಜಿನ್ ಬಿಚ್ಚಿ ನೋಡಿದ್ವಿ. ಬ್ಲಾಕು..."

"ಬ್ಲಾಕು ಚೆನ್ನಾಗೇ ಇದೆ ಆಂಟಿ," ಎಂದ ಬ್ರೆಟ್. "ನಂಗೇ ಆಗಲ್ಲ. ಆ ಸದ್ದು ಕೇಳೋಕೆ ಆಗಲ್ಲ." ದೋಣಿಕಟ್ಟೆಯಲ್ಲಿ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದ. ಅಡ್ಡದಾರಿ ಹಿಡಿಯಲಿಲ್ಲ, ಬೇಗನೆ ಮುಗಿಸಲೂ ಇಲ್ಲ.

ಮೆನಾ ಕುರ್ಚಿ ಎಳೆದು ಕೂತಳು. ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. ಅವಳು ಸಿಟ್ಟಾದಳೆಂದೇ ಟ್ರೆವರ್ ತಿಳಿದ.

"ಅಷ್ಟು ಹೊತ್ತೂ ನಿಂಗೆ ಎಚ್ಚರ ಇತ್ತಾ?" ಎಂದಳು.

"ಇತ್ತು."

"ಆಸ್ಪತ್ರೆಯೋರು ನಿಂಗೆ ಪ್ರಜ್ಞೆ ಇರ್ಲಿಲ್ಲ ಅಂದಿದ್ರು. ಇಷ್ಟು ವರ್ಷ ನಾನು, ನನ್ನ ಮಗ ಅಲ್ಲಿ ಒಬ್ಬನೇ ಹೋದ ಅಂದ್ಕೊಂಡಿದ್ದೆ."

"ಒಬ್ಬನೇ ಅಲ್ಲ ಆಂಟಿ. ನಾನು ಮಾತಾಡ್ತಾನೇ ಇದ್ದೆ. ಕೇಳಿಸ್ತೋ ಇಲ್ವೋ ಗೊತ್ತಿಲ್ಲ. ಎಂಜಿನ್ ಸದ್ದಿಗೆ ನನ್ನ ಮಾತು ನಂಗೇ ಸರಿಯಾಗಿ ಕೇಳಿಸ್ತಿರ್ಲಿಲ್ಲ. ಅದಕ್ಕೆ ಕೂಗ್ತಿದ್ದೆ."

ಮೆನಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಅದನ್ನ ಬಿಚ್ಚಿಬಿಡು, ಬ್ರೆಟ್," ಎಂದಳು. "ನೀನೇ, ನಿನ್ನ ಕೈಯಲ್ಲೇ. ಒಂದೊಂದು ತುಂಡೂ ಬೇರೆ ಮಾಡು. ಅದಿನ್ನು ಓಡೋದು ಬೇಡ."

ಟ್ರೆವರ್ ಕಣ್ಣು ಮುಚ್ಚಿ ತೆರೆದ. ಎಂಟು ಅವನ ಕೈತಪ್ಪಿತ್ತು. ಎದೆಯಲ್ಲಿ ಎದ್ದದ್ದು ನೆಮ್ಮದಿಯೋ ದುಃಖವೋ ಅವನಿಗೆ ತಿಳಿಯಲಿಲ್ಲ.

"ಇಲ್ಲಿ ಬಾ, ಕೂತ್ಕೋ," ಎಂದು ಮೆನಾ ಇನ್ನೊಂದು ಕುರ್ಚಿಯ ಮೇಲಿದ್ದ ಪೆಟ್ಟಿಗೆಯನ್ನು ಕೆಳಗಿಳಿಸಿದಳು. "ಏನು ಮಾತಾಡಿದೆ ಅವನ ಹತ್ರ? ಎಲ್ಲ ಹೇಳು. ಮೊದಲಿಂದ ಹೇಳು."

ಬ್ರೆಟ್ ಕಾಲನ್ನು ಉದ್ದಕ್ಕೆ ಚಾಚಿ ಕೂತ. ಆ ಮಾತುಗಳು ತನಗಲ್ಲ ಎನಿಸಿ ಟ್ರೆವರ್ ಹಿಂಬಾಗಿಲಿನಿಂದ ಹೊರಗೆ ಬಂದ.

ಉತ್ತರದ ಗಾಳಿ ಎದ್ದು ಅಂಗಳದಲ್ಲಿ ಕೆಂಪು ಧೂಳು ಆಡುತ್ತಿತ್ತು. ತಂತಿಯ ಮೇಲೆ ಮೆನಾಳ ಬಿಳಿ ಹಾಸಿಗೆ ಹೊದಿಕೆಗಳು ಒಣಗಿದ್ದವು. ಒಳಗೆ ಮಗನ ಧ್ವನಿ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಟ್ರೆವರ್ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಬಾಯಲ್ಲಿ ಕಚ್ಚಿಕೊಂಡ. ಗಾಳಿಗೆ ಹಾರುತ್ತಿದ್ದ ಅಗಲದ ಬಟ್ಟೆಯ ಎರಡು ತುದಿಗಳನ್ನು ಹೇಗೋ ಹಿಡಿದು, ಗದ್ದದ ಕೆಳಗೆ ಒತ್ತಿಕೊಂಡು, ಮಡಚತೊಡಗಿದ.