ನಲವತ್ತನೆಯ ಟೋಕನ್

ಥೇಣಿಯ ಆ ಕಣ್ಣಾಸ್ಪತ್ರೆಯಲ್ಲಿ ಬೆಳಿಗ್ಗೆ ಕೊಡುವುದು ನಲವತ್ತೇ ಟೋಕನ್. ಕಿಟಕಿ ತೆರೆಯುವುದು ಎಂಟಕ್ಕೆ. ಅಲ್ಲಿಯವರೆಗೆ ಸಾಲಿನಲ್ಲಿ ಜನ ನಿಲ್ಲುವುದಿಲ್ಲ, ಅವರ ಚೀಲಗಳು ನಿಲ್ಲುತ್ತವೆ. ಗೂಡಲೂರಿನಿಂದ ಮೊದಲ ಬಸ್ಸಿಗೆ ಗಂಡ ಅಯ್ಯಾವುವನ್ನು ಕರೆತಂದ ಗೋವಿಂದಮ್ಮಾಳ್, ಗೋಡೆಯುದ್ದಕ್ಕೂ ಇಟ್ಟಿದ್ದ ಚೀಲ, ಬಾಟಲಿ, ಒಂಟಿ ಚಪ್ಪಲಿಗಳನ್ನು ಎರಡು ಸಲ ಎಣಿಸಿದಳು. ಮೂವತ್ತೊಂಬತ್ತು. ಸದ್ಯ, ಬಂದದ್ದು ದಂಡವಾಗಲಿಲ್ಲ ಎಂದುಕೊಂಡು ತನ್ನ ಬಟ್ಟೆಚೀಲವನ್ನು ಕೊನೆಗಿಟ್ಟಳು.

ಮುಂದಿನವರೆಲ್ಲ ಒಬ್ಬೊಬ್ಬರಾಗಿ "ಸ್ವಲ್ಪ ನೋಡ್ಕೊಳ್ಳಮ್ಮಾ" ಎಂದು ಟೀ ಕುಡಿಯಲು ಹೋದರು. ಅವಳು ನೋಡಿಕೊಂಡಳು. ಗಾಳಿಗೆ ಉರುಳಿದ ಬಾಟಲಿಯನ್ನು ಅದರ ಜಾಗಕ್ಕೇ ತಂದಿಟ್ಟಳು, ನಡುವೆ ಚೀಲ ತೂರಿಸಲು ಬಂದವನೊಬ್ಬನನ್ನು ಗದರಿ ಕಳಿಸಿದಳು.

ಏಳೂವರೆಗೆ ಅಯ್ಯಾವುವಿಗೆ ಕಕ್ಕಸಿಗೆ ಹೋಗಬೇಕಾಯಿತು. ಪೊರೆ ಬಂದ ಕಣ್ಣಿಗೆ ಮೆಟ್ಟಿಲು ಕಾಣುವುದಿಲ್ಲ, ಕೈಹಿಡಿದೇ ಹೋಗಬೇಕು. ತನ್ನ ನಂತರ ಬಂದು ಹಿಂದೆ ಕೂತಿದ್ದ ನಡುವಯಸ್ಸಿನ ಹೆಂಗಸಿಗೆ ಚೀಲ ನೋಡಿಕೊಳ್ಳಲು ತಮಿಳಿನಲ್ಲಿ ಹೇಳಿ ಹೋದಳು. ಅವಳೂ ನಗುತ್ತ "ಪೋಯಿಟ್ಟು ವಾಂಗಕ್ಕಾ", ಹೋಗಿ ಬನ್ನಿ ಅಕ್ಕಾ, ಎಂದಳು.

ತಿರುಗಿ ಬರುವಷ್ಟರಲ್ಲಿ ಜನ ಎದ್ದು ನಿಂತಿದ್ದರು. ಅವಳ ಚೀಲ ಆ ಹೆಂಗಸಿನ ಬೆನ್ನ ಹಿಂದಿತ್ತು. ಇದು ನನ್ನ ಜಾಗ ಎಂದರೆ ಆ ಹೆಂಗಸು, ನಾನು ಮೊದಲಿಂದಲೂ ಇಲ್ಲೇ ಇದ್ದೇನೆ ಎಂದುಬಿಟ್ಟಳು. ಗೋವಿಂದಮ್ಮಾಳ್ ಮುಂದಿನವರನ್ನು ಕೇಳಿದಳು. ಒಬ್ಬ ಮೊಬೈಲಿಗೆ ತಲೆ ಬಗ್ಗಿಸಿದ. ಇನ್ನೊಬ್ಬಾಕೆ, ತಾನು ನೋಡಲಿಲ್ಲ ಎಂದಳು. ಒಂದು ಗಂಟೆ ಕಾಲ ಗೋವಿಂದಮ್ಮಾಳ್ ಕಾದದ್ದು ಆ ಇನ್ನೊಬ್ಬಾಕೆಯದೇ ಬಾಟಲಿಯನ್ನು.

ನಲವತ್ತನೆಯ ಟೋಕನ್ ಆ ಹೆಂಗಸಿಗೆ ಹೋಯಿತು. ಕಿಟಕಿ ಮುಚ್ಚಿತು.

ಗೋವಿಂದಮ್ಮಾಳ್ ಗಂಡನ ಪಕ್ಕ ಬೆಂಚಿನಲ್ಲಿ ಕೂತಳು. ಆ ಹೆಂಗಸು ಎರಡು ಮಾರು ದೂರದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು, ಕನ್ನಡದಲ್ಲಿ.

"ಸಿಕ್ಕೋಯ್ತು, ಕಡೇ ಟೋಕನ್ನು. ಮುಂದ್ಗಡೆ ಒಬ್ಬ ಕೆಳವಿ ಚೀಲ ಇತ್ತು, ಹಿಂದಕ್ಕೆ ತಳ್ಳಿಟ್ಟೆ. ಪಾವ, ಅವಳ್ಗೇನೂ ತಿಳಿಲಿಲ್ಲ."

ಚೀಲ ತಳ್ಳಿದ್ದಕ್ಕಿಂತ, 'ಕೆಳವಿ' ಎಂದು ಮುದುಕಿ ಮಾಡಿದ್ದಕ್ಕಿಂತ, ಆ 'ಪಾವ' ಎಂಬ ಕನಿಕರ ಅವಳ ಮೈಯುರಿಸಿತು.

"ತಿಳೀತಮ್ಮಾ," ಎಂದಳು ಗೋವಿಂದಮ್ಮಾಳ್, ತನ್ನ ಮನೆಮಾತಾದ ಕನ್ನಡದಲ್ಲೇ. "ಎಲ್ಲಾ ತಿಳೀತು."

ಹೆಂಗಸು ಫೋನು ಕೆಳಗಿಳಿಸಿದಳು. ಮರುಗಳಿಗೆಯೇ ಹತ್ತಿರ ಬಂದು ಕೈಹಿಡಿದಳು. "ನಮ್ಮೋರಾ ಅತ್ತೆ? ಮೊದ್ಲೇ ಹೇಳ್ಬಾರ್ದಾ? ನಮ್ಮೋರು ಅಂತ ತಿಳಿದಿದ್ರೆ ಕೈ ಇಡ್ತಿರ್ಲಿಲ್ಲ."

"ಬೇರೆಯೋರ್ದಾದ್ರೆ ಇಡ್ಬೋದಾ?"

ಅಷ್ಟರಲ್ಲಿ ಅಯ್ಯಾವು ದನಿ ಬಂದತ್ತ ಮುಖ ತಿರುಗಿಸಿದ. "ಯಾವೂರಮ್ಮಾ ನೀನು?" ಕಂಬಂ, ಹೆಸರು ಜೆಯಂತಿ, ಈಗ ಥೇಣಿಯಲ್ಲೇ ಮನೆ. ಅಪ್ಪನ ಹೆಸರು ಕೇಳಿದ. ಬಾಲಮುರುಗನ್ ಎಂದದ್ದೇ ಅವನ ಮುಖ ಅರಳಿತು. ದ್ರಾಕ್ಷಿ ವ್ಯಾಪಾರದಲ್ಲಿ ಹತ್ತು ವರ್ಷದ ಒಡನಾಟವಂತೆ. ಇಬ್ಬರೂ ಯಾರ ಮದುವೆಯಲ್ಲಿ ಯಾರು ಬಡಿಸಿದರೆಂಬುದಕ್ಕೆ ಇಳಿದರು. ಗೋವಿಂದಮ್ಮಾಳ್ ತನ್ನ ಚೀಲದ ಬಾಯಿ ಕಟ್ಟಿದಳು.

ಟೋಕನ್ ಕೊಡುತ್ತೇನೆಂಬ ಮಾತು ಮಾತ್ರ ಜೆಯಂತಿಯ ಬಾಯಿಂದ ಬರಲಿಲ್ಲ. "ನಾಳೆ ಬನ್ನಿ ಮಾಮಾ, ನಾನೇ ಜಾಗ ಹಿಡಿದಿಡ್ತೀನಿ," ಎಂದಳು.

"ಯಾರ ಚೀಲ ತಳ್ಳಿ ಹಿಡೀತೀಯಮ್ಮಾ?" ಎಂದು ಗೋವಿಂದಮ್ಮಾಳ್ ಎದ್ದಳು. ಗಂಡನ ತೋಳು ಹಿಡಿದು ಎಬ್ಬಿಸಿದಳು.

ಬಸ್ ನಿಲ್ದಾಣದವರೆಗೂ ಅಯ್ಯಾವು ಗೊಣಗಿದ. "ಒಳ್ಳೇ ಮನೆ ಹುಡುಗಿ. ಸುಮ್ನೆ ಮುಖ ಮುರಿದೆ. ನಾಳೆ ಯಾರು ಜಾಗ ಹಿಡೀತಾರೆ?"

ಮರುದಿನ ಬಸ್ಸು ತಡವಾಗಿ ಮತ್ತೆ ಟೋಕನ್ ತಪ್ಪಿತು. ಸಿಕ್ಕಿದ್ದು ಮೂರನೆಯ ದಿನ. ಆ ಮೂರು ದಿನವೂ ಅಯ್ಯಾವು ಬೈದದ್ದು ಜೆಯಂತಿಯನ್ನಲ್ಲ, ಹೆಂಡತಿಯನ್ನು.