ಕೆಂಪು ಮೇಣದ ಗಡ್ಡೆ

ಏನು ಕೆಲಸ ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ ಹೂವಿನ ಕೆಲಸ ಎನ್ನುತ್ತೇನೆ. ಅಯ್ಯೋ ಎಷ್ಟು ಚೆಂದ ಎನ್ನುತ್ತಾರೆ. ಚೆಂದವಂತೆ, ಮಣ್ಣಂಗಟ್ಟಿ! ಒಂದು ದಿನ ನನ್ನ ಮೇಜಿನ ಮುಂದೆ ಕೂತು ನೋಡಲಿ, ಮಧ್ಯಾಹ್ನದ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಅಮರಿಲ್ಲಿಸ್ ಎಂಬ ಹೂಗಿಡದ ಗಡ್ಡೆಗಳು ಕ್ರೇಟುಗಟ್ಟಲೆ ಬರುತ್ತವೆ, ಒಂದೊಂದೂ ದೊಡ್ಡ ಈರುಳ್ಳಿಯ ಹಾಗೆ. ಅಡಿಯಲ್ಲಿ ಬೆರಳು ದಪ್ಪದ ಬೇರುಗಳು. ಆ ಬೇರನ್ನು ಬುಡದ ಸಮೇತ ಚಪ್ಪಟೆಯಾಗಿ ಕೊಯ್ಯುವುದು ನನ್ನ ಪಾಲಿನ ಕೆಲಸ. ಕೊಯ್ದ ಕಡೆ ಲೋಳೆ ಸುರಿಯುತ್ತದೆ, ಮುಟ್ಟಿದರೆ ಕೈಯೆಲ್ಲ ನವೆ. ಆಮೇಲೆ ಗಡ್ಡೆಯನ್ನು ಕಾದ ಮೇಣದಲ್ಲಿ ಅದ್ದಿ, ಅಡಿಗೆ ತಂತಿಯ ಸುರುಳಿ ಚುಚ್ಚಿ ನಿಲ್ಲಿಸಿದರೆ ಮುಗಿಯಿತು. ಮಣ್ಣು ಬೇಡ, ನೀರು ಬೇಡ. ಒಳಗೆ ಕೂಡಿಟ್ಟುಕೊಂಡದ್ದನ್ನೇ ತಿಂದು ಅದು ಒಂದು ಸಲ ಹೂ ಬಿಡುತ್ತದೆ. ಹೂ ಬಾಡಿದ ಮೇಲೆ ಮೇಣದೊಳಗೇ ಕೊಳೆಯುತ್ತದೆ. ವಾಪಸು ಬಂದ ಅಂಥದ್ದೊಂದನ್ನು ಒಮ್ಮೆ ಒಡೆದು ನೋಡಿದ್ದೆ. ಕಂದು ಬಣ್ಣದ ಗಂಜಿಯಂಥದ್ದು ಅಂಗೈಗೆ ಸುರಿಯಿತು. ಥೂ! ಎರಡು ದಿನ ಆ ಕೈಯಲ್ಲಿ ಊಟ ಮಾಡಲಾಗಲಿಲ್ಲ.

ನಮ್ಮ ಕಾರ್ಖಾನೆಯ ಯಜಮಾನನಿಗೆ ಮಾತ್ರ ಇದು ಯಾವುದೂ ನಾರುವುದಿಲ್ಲ. “ತಿರುಗಿಸಿ ನೋಡೋರು ಯಾರಮ್ಮ? ಮೇಲೆ ಹೂ ಇದ್ರೆ ಸಾಕು,” ಎನ್ನುತ್ತಾನೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಯಲ್ಲೂ ಅಂಥದ್ದೇ ಒಂದು ಗಡ್ಡೆ ಇತ್ತು, ನನ್ನ ಅತ್ತೆಯದು. ಅವರನ್ನು ಸಾಕಿ ಬೆಳೆಸಿದ ಅಕ್ಕ ಮದುವೆಯ ದಿನ ಕೈಗಿಟ್ಟು ಕಳಿಸಿದ್ದಂತೆ. ಆ ಅಕ್ಕ ಹೋಗಿ ಎಷ್ಟೋ ವರ್ಷವಾಯಿತು. ಅವಳದೆಂದು ಉಳಿದದ್ದು ಕಿಟಕಿಯ ಮೇಲಿನ ಆ ಕುಂಡ ಒಂದೇ. “ಇದು ನನ್ನ ಮೊದಲನೇ ಮಗು, ನಿನ್ನ ಗಂಡ ಎರಡನೇದು,” ಎನ್ನುತ್ತಿದ್ದರು ಅತ್ತೆ. “ಇದಾದ್ರೂ ಹೇಳಿದ ಮಾತು ಕೇಳತ್ತೆ.”

ಈಗಿನ ಮನೆಗೆ ಬಂದ ಮೇಲೆ ಅದೂ ಮಾತು ಕೇಳುವುದನ್ನು ಬಿಟ್ಟಿತು. ಮೂರು ವರ್ಷ ಬರೀ ಎಲೆ. ಒಂದೇ ಕೋಣೆ, ಒಲೆಯ ಪಕ್ಕದಲ್ಲೇ ಕುಂಡವಿಟ್ಟ ಕಿಟಕಿ; ಬಿಸಿಗೆ ಗಡ್ಡೆ ಮಲಗುವುದೇ ಇಲ್ಲ, ಮಲಗದೆ ಹೂ ಬಿಡುವುದಿಲ್ಲ. ಎರಡು ತಿಂಗಳು ನೀರಿಲ್ಲದೆ, ತಣ್ಣಗೆ, ಕತ್ತಲಲ್ಲಿ ಇಡಬೇಕು. ನಮ್ಮ ಕಾರ್ಖಾನೆಯಲ್ಲಿ ತಣ್ಣನೆ ಕೋಣೆ ಇದೆ, ಕೊಡಿ ಎಂದೆ. ಅತ್ತೆ ಎಲೆ ಕತ್ತರಿಸಿ, ಮಣ್ಣು ಕೊಡವಿ, ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. “ಹುಷಾರು ಕಣೇ. ನನಗಿರೋದು ಇದೊಂದೇ.”

ಎರಡು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಮನೆಗೆ ಒಯ್ಯುವ ದಿನ ಬೆಳಗ್ಗೆಯೇ ಹೊರತೆಗೆದು, ಬಟ್ಟೆ ಬಿಚ್ಚಿ ನೋಡಿದೆ. ಮೊಗ್ಗಿನ ತುದಿ ಇಣುಕಿತ್ತು! ಖುಷಿಗೆ ಬಟ್ಟೆ ಮತ್ತೆ ಸುತ್ತಲೂ ಇಲ್ಲ. ಮರೆಯಬಾರದೆಂದು ಕೆಲಸದ ಮೇಜಿನ ಮೇಲೆ, ಎಡಗೈ ಪಕ್ಕದಲ್ಲೇ ಇಟ್ಟುಕೊಂಡೆ.

ಅಷ್ಟರಲ್ಲಿ ಯಜಮಾನ ಬಂದ. ಇನ್ನು ಮುಂದೆ ಮೇಣಕ್ಕೆ ಮಿನುಗು ಪುಡಿಯನ್ನೂ ಉದುರಿಸಬೇಕಂತೆ. ನನಗೆ ತಡೆಯಲಾಗಲಿಲ್ಲ.

“ಜೀವ ಇರೋ ಗಡ್ಡೆ ರೀ ಇದು! ಬೇರು ಕೊಯ್ದು, ಉಸಿರು ಕಟ್ಟಿಸಿ, ಮೇಲೆ ಅದಕ್ಕೆ ಶೃಂಗಾರ ಬೇರೆ ಮಾಡ್ತೀರಾ? ಹೇಸಿಗೆ ಆಗಲ್ವಾ ನಿಮಗೆ?”

ಬಾಯಿ ಬೈಯುತ್ತಿತ್ತು, ಕೈ ಕೊಯ್ಯುತ್ತಿತ್ತು. ಎಡಗೈ ಎತ್ತುವುದು, ಬಲಗೈ ಚೂರಿ ಆಡಿಸುವುದು. ಏಳು ವರ್ಷದ ರೂಢಿಗೆ ಕಣ್ಣು ಬೇಕಾಗಿಲ್ಲ. ಒಂದು ಗಡ್ಡೆಯ ಮೈಯಲ್ಲಿ ಹಳೆಯ ತಗ್ಗೊಂದು ಹೆಬ್ಬೆರಳಿಗೆ ತಾಕಿತು. ಅತ್ತೆಯ ಗಡ್ಡೆ ಒಮ್ಮೆ ಕಿಟಕಿಯಿಂದ ಬಿದ್ದಾಗ ಆದದ್ದು. ಕೆಳಗೆ ನೋಡಿದೆ. ಬುಡ ಆಗಲೇ ಬುಟ್ಟಿಯಲ್ಲಿತ್ತು.

ಬುಡ ಹೋದ ಗಡ್ಡೆಗೆ ಮತ್ತೆ ಬೇರು ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಗಲೇ ಮನೆಗೆ ಓಡಿಹೋಗಿ ಅತ್ತೆಯ ಕಾಲು ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಯಜಮಾನ ಅತ್ತ ಹೋದದ್ದೇ, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗಡ್ಡೆಯನ್ನು ಕೆಂಪು ಮೇಣದಲ್ಲಿ ಅದ್ದಿದೆ. ಒಮ್ಮೆ ಸಾಲದೆಂದು ಇನ್ನೊಮ್ಮೆ ಅದ್ದಿದೆ.

“ಹೊಸ ವಿಧಾನ ಅತ್ತೆ, ಹೀಗಿಟ್ರೆ ಬೇಗ ಹೂ ಬರತ್ತೆ,” ಎಂದೆ ಮನೆಯಲ್ಲಿ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಹೂ ಬಂತು. ಅದೂ ಎಂಥಾ ಹೂ! ಎರಡು ದಂಟು, ಎಂಟು ಹೂ, ಒಂದೊಂದೂ ಅಂಗೈ ಅಗಲ. ಅತ್ತೆ ಅಕ್ಕಪಕ್ಕದವರನ್ನೆಲ್ಲ ಕೈಹಿಡಿದು ಎಳೆದು ತಂದರು. “ನನ್ನ ಸೊಸೆ ಕೈಗುಣ ನೋಡ್ರೇ!” ಎಂದು ನನ್ನ ಕೈಯನ್ನು ಮೇಲೆತ್ತಿ ತೋರಿಸಿದರು. ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಅದಕ್ಕೂ ಏನೇನೋ ಅರ್ಥ ಕಟ್ಟಿ ಅತ್ತೆ ಇನ್ನಷ್ಟು ಹಿಗ್ಗಿದರು.

ಹೂ ಬಿಟ್ಟ ಹತ್ತನೇ ದಿನ ಕೆಲಸದಿಂದ ಬಂದಾಗ ಅತ್ತೆ ನೆಲದಲ್ಲಿ ಕೂತಿದ್ದರು. ಸುತ್ತ ಕೆಂಪು ಮೇಣದ ಚೂರುಗಳು. ಕುಂಡಕ್ಕೆ ಹೊಸ ಮಣ್ಣು ತುಂಬಿಟ್ಟಿದ್ದರು. ಹೂ ಬಾಡುವ ಮೊದಲೇ ಮಣ್ಣಿಗಿಟ್ಟರೆ ಗಡ್ಡೆ ಸುಧಾರಿಸಿಕೊಳ್ಳುತ್ತದೆಂದು ಮೇಣ ಬಿಡಿಸಿದ್ದರಂತೆ. ಗಡ್ಡೆ ಅವರ ಮಡಿಲಲ್ಲಿ ತಲೆಕೆಳಗಾಗಿತ್ತು. ಕೊಯ್ದ ಜಾಗ ಕಪ್ಪಾಗಿ, ಮೆತ್ತಗಾಗಿ, ಕೋಣೆಯೆಲ್ಲ ಅದೇ ಗಬ್ಬು.

“ಇದರ ಬೇರು ಎಲ್ಲಿ?” ಎಂದರು.

“ನಾನೇ ಕೊಯ್ದೆ ಅತ್ತೆ. ಬೇಕಂತ ಅಲ್ಲ. ಯಜಮಾನನ ಹತ್ರ ಜಗಳ ಆಡ್ತಾ ಇದ್ದೆ, ಕೈ ತಾನಾಗೇ ಹೋಯ್ತು. ದೇವರಾಣೆ ಕೈತಪ್ಪು.”

“ಇನ್ನು ಬರಲ್ವಾ?”

“ಬರಲ್ಲ.”

“ಊರವರ ಮುಂದೆ ನಾನು ಕುಣಿದಾಡೋವಾಗಲೂ ನಿನಗಿದು ಗೊತ್ತಿತ್ತಾ?”

“ಗೊತ್ತಿತ್ತು.”

ಬೈಯಲಿ, ಕೆನ್ನೆಗೊಂದು ಬಿಡಲಿ ಎಂದು ಕಾದೆ. ಅತ್ತೆ ಬೆರಳಿಗೆ ಹತ್ತಿದ ಕೊಳೆಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಒಂದು ಮೇಣದ ಚೂರನ್ನೆತ್ತಿ ನನ್ನ ಕೈಯಲ್ಲಿಟ್ಟರು.

“ಕೊಯ್ದದ್ದು ಕೈತಪ್ಪು. ಒಪ್ಪಿದೆ,” ಎಂದರು. “ಇದನ್ನ ಹಚ್ಚಿದ್ದು?”